ಲೆನ್ಸ್ ಡೈರಿ, ಭಾಗ 3: ಆ ಸಣ್ಣ ‘ಸಿಲ್’

ನಿಮ್ಮ ಕಣ್ಣಿನ ಚೀಟಿ ಒಮ್ಮೆ ತೆಗೆದು ನೋಡ್ರಿ. ದೂರದ ನಂಬರ್ ಪಕ್ಕದಾಗ ‘ಸಿಲ್’, ‘ಆಕ್ಸಿಸ್’ ಅಂತ ಇನ್ನೆರಡು ಕಾಲಂ ಇರ್ತಾವ. ನಾನು ಅವನ್ನ ನೋಡಲೇ ಇಲ್ಲ.

ನನ್ನ ಬಲಗಣ್ಣು -2.50, ಸಿಲ್ -0.75, ಆಕ್ಸಿಸ್ 180. ಎಡಗಣ್ಣು -2.75, ಸಿಲ್ -0.25. “ಮುಕ್ಕಾಲು ತಾನೆ, ಏನಾಗ್ತೈತಿ” ಅಂತ ಚಷ್ಮಾದ ನಂಬರ್ ಹಾಕಿ ಆನ್‌ಲೈನ್‌ನಲ್ಲಿ ಸಾದಾ ಮಂತ್ಲಿ ಲೆನ್ಸ್ ತರಿಸಿದೆ. ಒಂದೊಂದು ಕಣ್ಣಿಗೆ 6 ತಿಂಗಳ ಡಬ್ಬಿ.

ಹಗಲು ಚಲೋನೇ ಇತ್ತು. ಸಂಜೆಯಾದ್ರ ಚಿಗರಿ ಬಸ್ಸಿನ ಬೋರ್ಡಿನಾಗ ಅಕ್ಷರಕ್ಕೊಂದು ನೆರಳು. ರೊಕ್ಕ ಕೊಟ್ಟೇನಲ್ಲ ಅಂತ ಹಾಕ್ಕೊಂಡೇ ಓಡಾಡಿದೆ. ಒಂದು ರಾತ್ರಿ ಉಣಕಲ್ ಹತ್ತಿರ ಎದುರಿನ ಹೆಡ್‌ಲೈಟ್ ಗೀರುಗೀರಾಗಿ ಹರಡಿತು, ಹಂಪ್ ಕಾಣಲಿಲ್ಲ. ಸ್ಕೂಟಿ ಹಿಂದೆ ಕೂತಿದ್ದ ತಂಗಿ ಬೀಳೋದು ಸ್ವಲ್ಪದರಾಗ ತಪ್ಪಿತು. ಹೋದ ರೊಕ್ಕ ನೋಡಿ ಮುಂದಿನ ನಿರ್ಧಾರ ಮಾಡಬಾರದು ಅಂತ ‘ಸಂಕ್ ಕಾಸ್ಟ್’ ಉತ್ತರ ಬರೆದು ಮಾರ್ಕ್ಸ್ ತಗೊಂಡಾಕಿ ನಾನೇ!

ಮರುದಿನ ಕಣ್ಣಿನ ಡಾಕ್ಟರ್ ಹತ್ರ ಹೋದೆ. ಅಸ್ಟಿಗ್ಮಾಟಿಸಂ ಅಂದ್ರ ಕಣ್ಣಿನ ಮುಂದಿನ ಪಾರದರ್ಶಕ ಪದರ ಎಲ್ಲಾ ಕಡೆ ಒಂದೇ ಸಮ ಬಾಗಿರೋದಿಲ್ಲ. ಬೆಳಕು ಒಂದೇ ಬಿಂದುವಿನಲ್ಲಿ ಕೂಡೋದಿಲ್ಲ. ಸಿಲ್ 0.25, 0.50 ಇದ್ರ ಅದರ ಅರ್ಧವನ್ನು ದೂರದ ನಂಬರಿಗೆ ಸೇರಿಸಿ, ಸಾಮಾನ್ಯವಾಗಿ ಸಾದಾ ಲೆನ್ಸಿನಾಗೇ ಹೊಂದಿಸ್ತಾರ. 0.75ರಿಂದ ಟೋರಿಕ್ ಲೆನ್ಸ್ ಸಿಗ್ತಾವ. ಟೋರಿಕ್ ಕಣ್ಣಿನಾಗ ತಿರುಗಬಾರದು, ತಿರುಗಿದ್ರ ಆಕ್ಸಿಸ್ ತಪ್ಪಿ ಮತ್ತೆ ಮಸುಕು. ಅದಕ್ಕೇ ಟ್ರಯಲ್ ಹಾಕಿ, ಸ್ವಲ್ಪ ಹೊತ್ತು ಕೂರಿಸಿ, ಲೆನ್ಸ್ ಮೇಲಿನ ಸಣ್ಣ ಗುರುತು ಎಲ್ಲಿ ನಿಂತೈತಿ ಅಂತ ಮಷೀನಿನಾಗ ನೋಡಿದರು.

ನನ್ನ ಎಡಗಣ್ಣಿನ ಹಳೆ ಡಬ್ಬಿ ನಡೀತೈತಿ ಅಂದ್ರು. ಬಲಗಣ್ಣಿಗಷ್ಟೇ ಟೋರಿಕ್. ಎರಡೂ ಕಣ್ಣಿಗೆ ತುಟ್ಟಿ ಲೆನ್ಸ್ ಬೇಕಾಗಲಿಲ್ಲ!

ನೀವು ಕೇಳಬೇಕಾದ್ದು ಮೂರೇ:
1. ನನ್ನ ಸಿಲ್‌ಗೆ ಸಾದಾ ಸಾಕೋ, ಟೋರಿಕ್ ಬೇಕೋ? ಒಂದೊಂದು ಕಣ್ಣಿಗೂ ಬೇರೆ ಬೇರೆ ಕೇಳ್ರಿ.
2. ಬೇಸ್ ಕರ್ವ್, ಡಯಾಮೀಟರ್ ಎಷ್ಟು? ಇವು ಚಷ್ಮಾದ ಚೀಟಿಯಾಗ ಇರೋದಿಲ್ಲ. ದೂರದ ನಂಬರ್ 4 ದಾಟಿದ್ರ ಲೆನ್ಸಿನ ನಂಬರೂ ಬದಲಾಗ್ತೈತಿ.
3. ಡೈಲಿಯೋ, ಮಂತ್ಲಿಯೋ? ಡೈಲಿ ತುಟ್ಟಿ, ಆದ್ರ ತೊಳೆಯೋ ಕೆಲಸ ಇಲ್ಲ. ಮಂತ್ಲಿಗೆ ದಿನಾ ಹೊಸ ಸೊಲ್ಯೂಷನ್ ಬೇಕು. ನಳದ ನೀರು ಯಾವುದಕ್ಕೂ ಬ್ಯಾಡ.

ಟ್ರಯಲ್ ಲೆನ್ಸ್ ಹಾಕ್ಕೊಂಡು ಸಂಜೆ ಒಮ್ಮೆ ಹೊರಗ ಅಡ್ಡಾಡಿ ಬರ್ರಿ. ಕಣ್ಣು ಕೆಂಪಾಗಿ ನೋವು ಬಂದ್ರ ಲೆನ್ಸ್ ತೆಗೆದು ಅವತ್ತೇ ಡಾಕ್ಟರ್ ಹತ್ರ ಹೋಗ್ರಿ.

ನಿಮ್ಮ ಚೀಟಿಯಾಗ ಸಿಲ್ ಎಷ್ಟೈತಿ? ನೋಡಿ ಕೆಳಗ ಬರೀರಿ.

ಮುಂದಿನ ಭಾಗ: ರಂಗಪಂಚಮಿ ದಿನ ಲೆನ್ಸ್ ಯಾಕ ಬ್ಯಾಡ.