ಮುಸುಕಿನ ಜೋಳವೂ ಮನೆಯ ಬೀಜವೂ

ಹಳಗನ್ನಡ ಕಾವ್ಯಪಾಠದಲ್ಲಿ ಅನ್ನದ ಋಣವೆಂಬರ್ಥದ 'ಜೋಳವಾಳಿ' ಶಬ್ದ ಬಂದೊಡನೆ ಹಾಸನ ಸೀಮೆಯ ಮಕ್ಕಳು ಮುಸುಕಿನ ಜೋಳವನ್ನೇ ನೆನೆಯುತ್ತಾರೆ. ಅದು ಸಹಜ. ಅಂಗಮಾರಿಯ ಹಾವಳಿಗೆ ಬೇಸತ್ತು ಆಲೂಗೆಡ್ಡೆಯನ್ನು ಬಿಟ್ಟ ಹೊಳೆನರಸೀಪುರ, ಅರಕಲಗೂಡು ಕಡೆಯ ಅನೇಕ ರೈತರು ಈ ಬೆಳೆಯನ್ನೇ ಆಶ್ರಯಿಸಿದ್ದಾರೆ. ಪೂರ್ವಕವಿಗಳ ಜೋಳ ಬೇರೆ, ಇದು ಅಮೆರಿಕ ಖಂಡದಿಂದ ಬಂದ ಅತಿಥಿ ಎಂದು ತಿಳಿಹೇಳಬೇಕಾಗುತ್ತದೆ.

ನಮ್ಮ ತೀರ್ಥರೂಪರು ರಾಗಿಯ ಕೊಯ್ಲಿಗೆ ಮುನ್ನ ಹೊಲವನ್ನು ಒಂದು ಸುತ್ತು ನಡೆದು, ತುಂಬಿದ ತೆನೆಗಳನ್ನು ಆಯ್ದು ಬೀಜಕ್ಕೆಂದು ಬೇರೆ ಇರಿಸುತ್ತಿದ್ದರು. ಚನ್ನರಾಯಪಟ್ಟಣದ ಕಡೆ ನಮ್ಮ ಭಾವನವರು ಇಂದಿಗೂ ಹಾಗೆಯೇ ಮಾಡುತ್ತಾರೆ. ರಾಗಿಯ ಹೂ ಬಹುಮಟ್ಟಿಗೆ ಸ್ವಂತ ಪರಾಗದಿಂದಲೇ ಕಾಳುಗಟ್ಟುವುದರಿಂದ ಆಯ್ದ ಗುಣ ಮರುವರ್ಷಕ್ಕೂ ಉಳಿಯುತ್ತದೆ. ಆದರೆ ಎರಡು ತಳಿಗಳನ್ನು ಕೂಡಿಸುವುದು ಅದೇ ಕಾರಣದಿಂದ ಬಹು ಕಷ್ಟ. ಅಷ್ಟು ಕಿರಿದಾದ ಹೂವಿನಲ್ಲಿ ಆ ಸಾಹಸವನ್ನು ಸಾಧಿಸಿ, ಭಾರತದ ರಾಗಿಗೂ ಆಫ್ರಿಕದ ರಾಗಿಗೂ ಸಂಬಂಧ ಬೆಳೆಸಿದವರು ಮಂಡ್ಯದ ವಿ.ಸಿ. ಫಾರಂನ ಡಾ. ಲಕ್ಷ್ಮಣಯ್ಯನವರು. ಅವರ ತಳಿಗಳ 'ಇಂಡಾಫ್' ಎಂಬ ಹೆಸರು ನಾನು ಓದಿದ ಯಾವ ಸಮಾಸಕ್ಕೂ ಸೇರದು; ರೈತರ ನಾಲಗೆಗೆ ಮಾತ್ರ ಸಲೀಸಾಗಿ ಒಗ್ಗಿತು. ಒಮ್ಮೆ ತಂದ ಆ ಬೀಜವನ್ನು ಮನೆಯಲ್ಲೇ ಉಳಿಸಿಕೊಂಡು ವರ್ಷಗಟ್ಟಲೆ ಬಿತ್ತಬಹುದಾಗಿತ್ತು.

ಮುಸುಕಿನ ಜೋಳದ ರೀತಿ ಇದಕ್ಕೆ ವಿಪರೀತ. ಗಂಡು ಹೂ ನೆತ್ತಿಯಲ್ಲಿ, ಹೆಣ್ಣು ಎಲೆಯ ಕಂಕುಳಲ್ಲಿ, ಗಾಳಿಯೇ ಪುರೋಹಿತ. ಒಂದು ಸಾಲಿನ ನೆತ್ತಿಯ ಹೂವನ್ನು ಕಿತ್ತರೆ ಪಕ್ಕದ ಸಾಲಿನ ಪರಾಗ ತಾನಾಗಿ ಬಂದು ಕೂಡುತ್ತದೆ. ಸ್ವಪರಾಗದಿಂದ ತಲೆಮಾರುಗಳ ಕಾಲ ಸೊರಗಿದ ಎರಡು ವಂಶಗಳನ್ನು ಬೆರೆಸಿದರೆ ಮೊದಲ ಪೀಳಿಗೆ ಪುಷ್ಟವಾಗಿ ಬೆಳೆಯುತ್ತದೆಂದು ಅಮೆರಿಕದ ವಿಜ್ಞಾನಿ ಶಲ್ ೧೯೦೮ರಲ್ಲಿ ವಿವರಿಸಿದರು. ಇಂದಿನ ಹೈಬ್ರಿಡ್ ಬೀಜದ ಮೂಲ ಅದು. ಅದರ ಕಾಳನ್ನೇ ಮತ್ತೆ ಬಿತ್ತಿದರೆ ಆ ಪುಷ್ಟಿ ಕುಂದುತ್ತದೆ. ಆದುದರಿಂದ ಅರಕಲಗೂಡಿನಲ್ಲಿ ಬೇಸಾಯ ಮಾಡುವ ನನ್ನ ತಮ್ಮ ಪ್ರತಿ ವರ್ಷವೂ ಅಂಗಡಿಯಿಂದ ಬೀಜದ ಚೀಲ ತರಲೇಬೇಕು. ಇಳುವರಿಯನ್ನು ನಾನು ಅಲ್ಲಗಳೆಯುವವನಲ್ಲ. ಆದರೆ ಮಳೆ ಕೈಕೊಟ್ಟು ಎರಡನೆಯ ಸಲ ಬಿತ್ತಬೇಕಾದ ವರ್ಷ ಸಾಲವೂ ಇಮ್ಮಡಿಯಾಗುತ್ತದೆ.

ಇದಕ್ಕೊಂದು ಮಧ್ಯಮಾರ್ಗವಿದೆ. ಮೈಸೂರಿನ ಬಳಿಯ ನಾಗೇನಹಳ್ಳಿ ಕೇಂದ್ರದ ಎನ್.ಎ.ಸಿ. ೬೦೦೪ರಂತಹ ಸಂಯುಕ್ತ ತಳಿಗಳು ಹೈಬ್ರಿಡ್‌ನಷ್ಟು ಕೊಡದಿದ್ದರೂ ಬೀಜವನ್ನು ಮನೆಯಲ್ಲಿ ಉಳಿಸುತ್ತವೆ. ಕೇದಿಗೆ ರೋಗ ತಾಗದ ಗಿಡಗಳಿಂದ ತೆನೆಯನ್ನು ಆಯ್ದುಕೊಳ್ಳಬೇಕು. (ಎಲೆ ಬಿಳಿಚಿಕೊಳ್ಳುವ ಬೇನೆಗೆ ಈ ಹೆಸರಿಟ್ಟವನು ಕವಿಯೇ ಇರಬೇಕು.) ತೊಡಕಿರುವುದು ನೆರೆಹೊಲದ ಪರಾಗದಿಂದ. ಗಾಳಿಗೆ ಬದುವಿನ ಕಟ್ಟಳೆಯಿಲ್ಲ.

ಅದಕ್ಕಾಗಿ ತಮ್ಮ ಈ ಸಲ ಹತ್ತು ಗುಂಟೆಯಲ್ಲಿ ಸಂಯುಕ್ತ ತಳಿಯನ್ನು ನೆರೆಯವರಿಗಿಂತ ನಾಲ್ಕು ವಾರ ಮೊದಲೇ ಬೋರ್‌ವೆಲ್ ನೀರಿನಲ್ಲಿ ಬಿತ್ತಿದ್ದಾನೆ. ತೆನೆಗಳು ಇನ್ನೂ ಹಾಲುಗಾಳಾಗಿವೆ.