ಹಂಪಿಯಲ್ಲಿ 36 ಕ್ಲಿಕ್

ಹಂಪಿಯ ವಿರೂಪಾಕ್ಷ ದೇವಸ್ಥಾನಕ್ಕೆ ಹೋದವರು ಗರ್ಭಗುಡಿಯ ಹಿಂದಿನ ಕತ್ತಲೆ ಕೋಣೆಯನ್ನು ನೋಡಿರುತ್ತೀರಿ. ಸಣ್ಣ ಕಿಂಡಿಯಿಂದ ಬೆಳಕು ಒಳಗೆ ಬಂದು, ಒಂಬತ್ತು ಅಂತಸ್ತಿನ ರಾಜಗೋಪುರ ಗೋಡೆ ಮೇಲೆ ತಲೆಕೆಳಗಾಗಿ ಮೂಡುತ್ತೆ. ಅದು ಕಲ್ಲಿನಲ್ಲೇ ಕಟ್ಟಿದ ಪಿನ್‌ಹೋಲ್ ಕ್ಯಾಮೆರಾ. ಕೋಣೆಗೆ ಬೆಳಕು ಜಾಸ್ತಿ ಬಿಟ್ಟರೆ ಗೋಪುರ ಮಾಯ. ಫಿಲ್ಮ್ ಫೋಟೋಗ್ರಫಿ ಕಲಿಯೋಕೆ ಹೊರಟವರಿಗೆ ಇದೇ ಮೊದಲ ಪಾಠ: ಚಿತ್ರಕ್ಕೆ ಬೆಳಕು ಎಷ್ಟು ಬೇಕೋ ಕತ್ತಲೂ ಅಷ್ಟೇ ಬೇಕು.

ಕಳೆದ ಚಳಿಗಾಲದಲ್ಲಿ ಅಮ್ಮನ ಜೊತೆ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ, ಬೆಳಿಗ್ಗೆ ಹೊಸಪೇಟೆಯಲ್ಲಿ ಇಳಿದೆ. ಹೆಗಲಲ್ಲಿ ಅಪ್ಪನ ಪೆಂಟಾಕ್ಸ್ ಕೆ1000. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಬೀರುವಿನಲ್ಲಿ ಅವರ ಸ್ವೆಟರ್ ಒಳಗೆ ಸುತ್ತಿಟ್ಟಿದ್ದ ಕ್ಯಾಮೆರಾ ಅದು. ಬ್ಯಾಟರಿ ಬೇಕಿರೋದು ಬೆಳಕು ಅಳೆಯುವ ಮೀಟರ್‌ಗೆ ಮಾತ್ರ. ಶಟರ್ ಪೂರ್ತಿ ಯಾಂತ್ರಿಕ. ಹಾಗಾಗಿ ಇಷ್ಟು ವರ್ಷದ ಮೇಲೂ ಟಕ್ ಅಂತ ಕೆಲಸ ಮಾಡಿತು. ಒಳಗೆ ಇಲ್ಫೋರ್ಡ್ ಎಚ್‌ಪಿ5 ಪ್ಲಸ್ ರೀಲು, 36 ಫೋಟೋ. ಆಫೀಸಲ್ಲಿ ದಿನಕ್ಕೆ ನೂರು ಸಲ ಅನ್‌ಡೂ ಒತ್ತುವ ನನಗೆ ಇದು ಹೊಸ ಲೋಕ.

ಹಿಂದೆ ಸ್ಟುಡಿಯೋ ನಡೆಸುತ್ತಿದ್ದ ಪಕ್ಕದ ಬೀದಿ ಅಂಕಲ್ ಒಂದು ಸುಲಭದ ಲೆಕ್ಕ ಹೇಳಿಕೊಟ್ಟಿದ್ದರು. ಚೆನ್ನಾಗಿ ಬಿಸಿಲಿದ್ದರೆ ಅಪರ್ಚರ್ 16ಕ್ಕೆ ಇಡು. ಫಿಲ್ಮ್‌ನ ಐಎಸ್‌ಒ 400 ಆದರೆ ಶಟರ್ ವೇಗ 1/500 ಸೆಕೆಂಡ್. ಮಂಟಪದ ನೆರಳಿಗೆ ಬಂದರೆ ಅದೇ ವೇಗದಲ್ಲಿ ಅಪರ್ಚರ್ 4ಕ್ಕೆ ತೆರೆ. ಹಂಪಿಯ ಬಿಸಿಲಿಗೂ ಬಂಡೆಗಳಿಗೂ ಈ ಲೆಕ್ಕ ಸರಿಯಾಗಿ ಹೊಂದುತ್ತೆ.

ವಿಠ್ಠಲ ದೇವಸ್ಥಾನದ ಕಲ್ಲಿನ ರಥದ ಮುಂದೆ ಎಲ್ಲರ ಕೈಯಲ್ಲೂ ಫೋನ್. ನಾನು ಹತ್ತು ನಿಮಿಷ ನಿಂತು ಎರಡೇ ಫೋಟೋ ತೆಗೆದೆ. ಇದೇ ರಥವನ್ನು 1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಬ್ರಿಟಿಷ್ ಸೈನ್ಯಾಧಿಕಾರಿ ಸೆರೆಹಿಡಿದಿದ್ದ, ಮೇಣ ಹಚ್ಚಿದ ಕಾಗದದ ನೆಗೆಟಿವ್ ಮೇಲೆ. ಅವನ ಚಿತ್ರದಲ್ಲಿ ರಥದ ಮೇಲೆ ಇಟ್ಟಿಗೆಯ ಶಿಖರವಿದೆ. ಇವತ್ತು ಅಲ್ಲಿ ಅದಿಲ್ಲ. 1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಗ್ರೀನ್‌ಲಾ ನಿಂತಿದ್ದ ಜಾಗಗಳನ್ನೇ ಹುಡುಕಿ ಮತ್ತೆ ಫೋಟೋ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಏನು ಉಳಿಯಿತು, ಏನು ಹೋಯಿತು ಅಂತ ತಾನಾಗೇ ಗೊತ್ತಾಗುತ್ತೆ.

ಸಂಜೆ ಹೇಮಕೂಟ ಹತ್ತಿದೆವು. ಅಪ್ಪ ಹೋದ ಮೇಲೆ ಅಮ್ಮ ಫೋಟೋಗೆ ನಿಲ್ಲೋದನ್ನೇ ಬಿಟ್ಟಿದ್ದಳು. ಫೋನ್ ಎತ್ತಿದರೆ ಸಾಕು, ಮುಖ ತಿರುಗಿಸಿಬಿಡುತ್ತಿದ್ದಳು. ನಾನೂ ಕೇಳೋದು ಬಿಟ್ಟಿದ್ದೆ. ಅವತ್ತು ಮಂಟಪದ ಕಂಬಕ್ಕೆ ಒರಗಿ ಕೂತು, ಅವಳೇ ಕೇಳಿದಳು.

“ಇನ್ನೆಷ್ಟು ಉಳಿದಿದೆ ಅದರಲ್ಲಿ?”

“ಮೂರು.”

“ನಿಮ್ಮಪ್ಪನೂ ಹಿಂಗೇ. ಕೊನೇ ಮೂರು ನಂಗೆ ಅಂತ ಉಳಿಸ್ಕೊಳ್ತಿದ್ರು,” ಅಂತ ಸೆರಗು ಸರಿ ಮಾಡಿಕೊಂಡಳು.

ಮೂರೂ ಅವಳದ್ದೇ ತೆಗೆದೆ.

ಬೆಂಗಳೂರಿಗೆ ಬಂದ ಮೇಲೆ ನಮ್ಮ ಬಾತ್‌ರೂಮೇ ಡಾರ್ಕ್‌ರೂಮ್. ಕಿಟಕಿಗೆ ಕಪ್ಪು ಬಟ್ಟೆ, ಬಾಗಿಲ ಸಂದಿಗೆ ಟವೆಲ್. ರೀಲನ್ನು ಡಬ್ಬಿಗೆ ಸುತ್ತುವಾಗ ಒಂದು ಚೂರೂ ಬೆಳಕು ಇರಬಾರದು. ಎಲ್ಲಾ ಬೆರಳಿನ ಅಂದಾಜು. ಡಿ-76 ಡೆವಲಪರ್‌ನಲ್ಲಿ, 20 ಡಿಗ್ರಿಯಲ್ಲಿ, ಏಳೂವರೆ ನಿಮಿಷ. ನಲ್ಲಿ ನೀರು ಅದಕ್ಕಿಂತ ಬೆಚ್ಚಗಿರೋದರಿಂದ ಟಬ್‌ಗೆ ಐಸ್ ಹಾಕಿಟ್ಟುಕೊಳ್ಳಬೇಕು. ಆಮೇಲೆ ಸ್ಟಾಪ್ ಬಾತ್, ಫಿಕ್ಸರ್. ಅಂಕಲ್ ಬಾಯಲ್ಲಿ ಇವತ್ತಿಗೂ ಅದು ‘ಹೈಪೊ’.

ನೆಗೆಟಿವ್‌ನಲ್ಲಿ ಎಲ್ಲಾ ಉಲ್ಟಾ. ಅಮ್ಮನ ನರೆತ ಕೂದಲು ಅಲ್ಲಿ ಕಪ್ಪು.

ಪ್ರಿಂಟ್ ಹಾಕೋದು ಇದಕ್ಕಿಂತ ನೆಮ್ಮದಿಯ ಕೆಲಸ, ಯಾಕಂದ್ರೆ ಕಪ್ಪು-ಬಿಳುಪು ಕಾಗದಕ್ಕೆ ಕೆಂಪು ಬೆಳಕು ತಾಗೋದಿಲ್ಲ, ಏನು ನಡೀತಿದೆ ಅಂತ ಕಣ್ಣಾರೆ ನೋಡಬಹುದು. ಮೊದಲು ಕಾಗದದ ಒಂದು ಪಟ್ಟಿಗೆ 3, 6, 9, 12 ಸೆಕೆಂಡ್ ಬೆಳಕು ಕೊಟ್ಟು ಪರೀಕ್ಷೆ. ಹಿಂದಿನ ಬಿಸಿಲು ಬಂಡೆಗೆ 9 ಸೆಕೆಂಡ್ ಸರಿ ಹೋಯಿತು. ಆದರೆ ಅಷ್ಟು ಹೊತ್ತಿಗೆ ನೆರಳಲ್ಲಿದ್ದ ಅಮ್ಮನ ಮುಖ ಕಪ್ಪಾಗಿಬಿಡುತ್ತೆ. ಅದಕ್ಕೊಂದು ಉಪಾಯ: ತಂತಿಯ ತುದಿಗೆ ರಟ್ಟಿನ ಚೂರು ಅಂಟಿಸಿ, 3 ಸೆಕೆಂಡ್ ಮುಖಕ್ಕೆ ಅಡ್ಡ ಹಿಡಿದು ಅಲ್ಲಾಡಿಸುತ್ತಿರಬೇಕು. ಇದಕ್ಕೆ ಡಾಡ್ಜಿಂಗ್ ಅಂತಾರೆ. ಬಿಸಿಲಲ್ಲಿ ಕೂತವರಿಗೆ ಕೈ ಅಡ್ಡ ಹಿಡಿದು ನೆರಳು ಮಾಡ್ತೀವಲ್ಲ, ಹಾಗೇ.

ಟ್ರೇನಲ್ಲಿ ಕಾಗದ ಮೊದಲು ಬರೀ ಬಿಳಿ. ಹತ್ತಿಪ್ಪತ್ತು ಸೆಕೆಂಡಿಗೆ ಕಂಬ, ಆಮೇಲೆ ಸೀರೆ ಅಂಚು, ಕೊನೆಗೆ ಕಣ್ಣು. ಬಾಗಿಲ ಆಚೆಯಿಂದ ಅಮ್ಮ, “ಆಯ್ತೇನೋ?” ಅಂತ ಮೂರು ಸಲ ಕೂಗಿದಳು.

ಒಣಗಿದ ಪ್ರಿಂಟನ್ನು ಟ್ಯೂಬ್‌ಲೈಟ್ ಕೆಳಗೆ ಬಹಳ ಹೊತ್ತು ನೋಡಿದಳು. “ವಯಸ್ಸಾಯ್ತು ಕಣೋ ನಂಗೆ,” ಅಂದಳು. ಸ್ವಲ್ಪ ಹೊತ್ತು ಬಿಟ್ಟು, “ಇನ್ನೊಂದು ಹಾಕು. ನಿಮ್ಮ ಚಿಕ್ಕಮ್ಮಂಗೆ ಕಳಿಸ್ಬೇಕು.”

ನಿಮ್ಮ ಮನೆಯ ಬೀರುವಿನಲ್ಲೂ ಇಂಥದ್ದೊಂದು ಕ್ಯಾಮೆರಾ ಇರಬಹುದು. ಒಂದು ರೀಲು ಹಾಕಿ, ಯಾವುದಾದರೂ ಊರಿಗೆ ಮನೆಯವರ ಜೊತೆ ಹೋಗಿ ಬನ್ನಿ. ಕೊನೆಯ ಮೂರು ಯಾರಿಗೆ ಅಂತ ಮಾತ್ರ ಮೊದಲೇ ತೀರ್ಮಾನ ಮಾಡಿಕೊಳ್ಳಿ.