ನರಿಯೆಂಬ ಮಾತು

ಕೆಲವು ಮಾತುಗಳು ಚಿಕ್ಕವಾದರೂ ಬಹಳ ಭಾರವನ್ನು ಹೊರುತ್ತವೆ. ಎರಡೇ ಅಕ್ಷರದ ‘ನರಿ’ಯು ಅಂಥದೊಂದು. ಕನ್ನಡದಲ್ಲಿ ಈ ಒಂದು ಹೆಸರು ಎರಡು ಪ್ರಾಣಿಗಳಿಗೆ ಸಲ್ಲುತ್ತದೆ. ಇರುಳಿನಲ್ಲಿ ಊಳಿಡುವ ಗುಳ್ಳೆನರಿಯು ಒಂದು. ಬಯಲುಸೀಮೆಯಲ್ಲಿ ಬಿಲ ತೋಡಿಕೊಂಡು, ಇಲಿಗಳನ್ನೂ ಹುಳುಗಳನ್ನೂ ಹಣ್ಣುಗಳನ್ನೂ ತಿಂದು ಬದುಕುವ ಸಣ್ಣ ನರಿಯು ಇನ್ನೊಂದು. ಇಂಗ್ಲಿಷರು ಇವನ್ನು ಜಾಕಲ್ ಎಂದೂ ಫಾಕ್ಸ್ ಎಂದೂ ಬೇರೆಬೇರೆಯಾಗಿ ಕರೆಯುತ್ತಾರೆ. ಆ ಜಾಕಲ್ ಎಂಬುದಾದರೂ ನಮ್ಮ ಸಂಸ್ಕೃತದ ಶೃಗಾಲಕ್ಕೆ ನಂಟುಳ್ಳದ್ದು. ಪಾರಸಿ, ತುರ್ಕಿ ನುಡಿಗಳನ್ನು ಹಾದು ಅವರ ದೇಶವನ್ನು ಸೇರಿತು.

ನಮ್ಮ ಜನರ ಬಾಯಲ್ಲಿ ಈ ಮಾತಿಗೆ ನಾನಾ ಬಣ್ಣಗಳುಂಟು. ಬಿಸಿಲಿನಲ್ಲಿ ಮಳೆ ಹನಿದರೆ ಕಾಗೆಗೂ ನರಿಗೂ ಮದುವೆ. ಅದೃಷ್ಟವು ಒದಗಿದವನನ್ನು “ನರಿಯ ಮುಖ ನೋಡಿ ಎದ್ದೆಯಾ?” ಎಂದು ಕೇಳುವರು. ದಿಕ್ಕಿಲ್ಲದ ಸೊತ್ತು ನಾಯಿನರಿಗಳ ಪಾಲು. ಕೈಲಾಗದವನ ಕೂಗಾಟವನ್ನು ಕಂಡು, ನರಿಯ ಕೂಗು ಗಿರಿ ಮುಟ್ಟೀತೇ ಎಂದು ನಗುವರು. ಪಂಚತಂತ್ರದ ಕರಟಕ ದಮನಕರಂತೂ ಮಂತ್ರಾಲೋಚನೆಯಲ್ಲಿ ಪಳಗಿದ ನರಿಗಳೇ. ಹೀಗೆ ಶುಭವೂ ವಿನೋದವೂ ತಿರಸ್ಕಾರವೂ ಒಂದೇ ಮಾತಿನೊಳಗೆ ಅಡಗಿವೆ.

ನಾವು ಈ ಶಾಲೆಯಲ್ಲಿ ಇಂಗ್ಲಿಷು ಕಲಿಯುತ್ತಿದ್ದಾಗ, ಹಳೆಯ ಪುಸ್ತಕದ ಹಾಳೆಗಳ ಮೇಲಣ ಕಂದುಬಣ್ಣದ ಕಲೆಗಳಿಗೂ ನರಿಯ ಹೆಸರೇ ಉಂಟೆಂದು ತಿಳಿದು ಬೆರಗಾದೆವು. ಹೆಣ್ಣುನರಿಗೆ ವಿಕ್ಸನ್ ಎಂದು ಹೆಸರು. ಜಗಳಗಂಟಿಯಾದ ಹೆಂಗಸನ್ನೂ ಹಾಗೆಯೇ ಕರೆಯುವರು. ಷೇಕ್ಸ್‌ಪಿಯರನ ಒಂದು ನಾಟಕದಲ್ಲಿ ತರುಣಿಯೊಬ್ಬಳು ತನ್ನ ಗೆಳತಿಯು ಶಾಲೆಗೆ ಹೋಗುತ್ತಿದ್ದಾಗಲೇ ವಿಕ್ಸನ್ ಆಗಿದ್ದಳೆಂದು ದೂರುತ್ತಾಳೆ. ಅದನ್ನೋದಿ ನಾವೆಲ್ಲರೂ ನಕ್ಕೆವು.

ಆದರೆ ನಗೆಯಲ್ಲಿಯೇ ಮುಗಿಯುವ ವಿಷಯವಲ್ಲವಿದು. ಗಂಡುಹುಡುಗನ ಚುರುಕುತನವು ಮನೆಯಲ್ಲಿ ಜಾಣತನವೆನಿಸುತ್ತದೆ. ಹುಡುಗಿಯದಾದರೆ ಅದೇ ನರಿಬುದ್ಧಿ! ನಮ್ಮ ಜೊತೆಯಲ್ಲಿ ಓದಿದವಳೊಬ್ಬಳು ಮನೆಯ ಲೆಕ್ಕದಲ್ಲಿದ್ದ ತಪ್ಪನ್ನು ತೋರಿಸಿಕೊಟ್ಟಾಗ ಹಿರಿಯರೊಬ್ಬರು “ಇವಳದು ನರಿಬುದ್ಧಿ” ಎಂದುಬಿಟ್ಟರು. ಅಂದಿನಿಂದ ಅವಳು ಅವರೆದುರಿಗೆ ಲೆಕ್ಕದ ಪುಸ್ತಕವನ್ನು ತೆರೆಯಲಿಲ್ಲ. ಹೇಳಿದವರು ಆ ಮಾತನ್ನು ಮರೆತರು; ಕೇಳಿದವಳು ಮರೆಯಲಿಲ್ಲ.

ಸತ್ಯವೇದದಲ್ಲಿ ಈ ಮಾತಿನ ಬಳಕೆಯನ್ನು ನೋಡೋಣ. ಹೆರೋದನು ಕೊಲ್ಲಬೇಕೆಂದಿದ್ದಾನೆಂದು ಕೆಲವರು ಬಂದು ಎಚ್ಚರಿಸಿದಾಗ ಕರ್ತನು ಅವನನ್ನು ನರಿಯೆಂದನು. ಬಲವಿಲ್ಲದವರನ್ನಲ್ಲ, ಅಧಿಕಾರದಲ್ಲಿದ್ದವನನ್ನು. ಅದೇ ಕರ್ತನು ತನಗೆ ನೆಲೆಯಿಲ್ಲವೆಂದು ತಿಳಿಸುವಾಗ, ನರಿಗಾದರೂ ಬಿಲವಿರುವುದನ್ನು ನೆನೆದನು. ಅಲ್ಲಿ ಆ ಪ್ರಾಣಿಯ ಮೇಲೆ ಯಾವ ನಿಂದೆಯೂ ಇಲ್ಲ. ಮಾತು ಒಂದೇ, ಅದನ್ನು ಯಾರಿಗೆ, ಏತಕ್ಕಾಗಿ ಆಡಿದೆವೆಂಬುದರಲ್ಲಿ ಅದರ ತೂಕವಿದೆ.

ಪರಮಗೀತದಲ್ಲಿ ದ್ರಾಕ್ಷೆಯ ತೋಟವನ್ನು ಕೆಡಿಸುವ ಸಣ್ಣ ನರಿಗಳ ಪ್ರಸ್ತಾಪವಿದೆ. ತೋಟವು ಹೂಬಿಟ್ಟಿರುವ ಕಾಲದಲ್ಲಿಯೇ ಅವು ನುಗ್ಗುತ್ತವೆ. ಪ್ರಿಯ ಸೋದರಿಯರೇ, ಹೆತ್ತವರೇ, ನಮ್ಮ ಹೆಣ್ಣುಮಕ್ಕಳ ಬುದ್ಧಿಯು ಹೂಬಿಡುವ ವಯಸ್ಸಿನಲ್ಲಿ ನಾವು ಆಡುವ ಹಗುರವಾದ ಒಂದು ಮಾತೂ ಅಂಥ ನರಿಯಾಗಬಹುದು. ಜಾಣೆಯನ್ನು ಜಾಣೆಯೆಂದೇ ಕರೆಯೋಣ.